ಎರೆಭೂತದ ಚಿತ್ರ ತೆಗೆಯಲು ಬಂದವನು

ಹೋದ ಚಳಿಗಾಲದಲ್ಲಿ ಮೊಮ್ಮಗ ಮನೆ ಮುಂದೆ ಹೊಸ ಕೋಣೆಗೆ ಪಾಯ ತೆಗೆಸುವಾಗ ಹಳೆಯ ಹಗೇವಿನ ಬಾಯಿ ಸಿಕ್ಕಿತು. ಹಾಸುಗಲ್ಲು ಎತ್ತಿದ್ದೇ ತಡ, ಆ ವಾಸನೆ ಬಂತು. ಹುಳಿ, ಬೂಷ್ಟು, ಮಣ್ಣು, ಹಳೇ ಜೋಳ ಎಲ್ಲ ಕೂಡಿದ ವಾಸನೆ. ಕೆಲಸದವರು ಬಗ್ಗಿ ನೋಡಲು ಹೋದರು. ನಾನು ಕೋಲು ಎತ್ತಿದೆ.

"ಹಿಂದಕ್ಕ ಸರೀರಿ, ಭಾಡ್ಯಾಗಳ್ರಾ! ಒಂದು ತಾಸು ಬಿಟ್ಟು ಬಗ್ಗಿ ನೋಡ್ರಿ."

ನಕ್ಕರು. ಮುದುಕಿಗೆ ಏನೋ ಹೆದರಿಕೆ ಅಂದುಕೊಂಡರು. ನಕ್ಕರೆ ನಗಲಿ, ಹಿಂದೆ ಸರಿದರಲ್ಲ, ಅಷ್ಟು ಸಾಕು.

ಹಗೇವು ಅಂದರೆ ಈಗಿನವರಿಗೆ ಗೊತ್ತಿಲ್ಲ. ನೆಲದೊಳಗೆ ಜೋಳ ಇಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಕೋಣೆಯಷ್ಟು ದೊಡ್ಡದು. ಸುತ್ತ ಕಣಿಕೆ ಅಂದರೆ ಜೋಳದ ಒಣ ದಂಟು ಹಚ್ಚಿ, ಜೋಳ ಸುರುವಿ, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಟ್ಟದ್ದು. ತೆರೆದ ಕೂಡಲೇ ಇಳಿಯಬಾರದು. ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇಳಿದ ಮನುಷ್ಯನೂ ಆರುತ್ತಾನೆ.

ನಾನು ಹೇಳುವುದು ದೊಡ್ಡ ಯುದ್ಧ ನಡೆದಿದ್ದಾಗಿನ ಒಂದು ಮುಂಗಾರಿನ ಮಾತು. ಇಸವಿ ಕೇಳಬೇಡಿ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸೀರೆಗೆ ಚೀಟಿ ಬೇಕಾಗಿತ್ತು, ನನ್ನ ಹಿರಿಮಗ ಇನ್ನೂ ಹುಟ್ಟಿರಲಿಲ್ಲ. ನನ್ನ ಮಟ್ಟಿಗೆ ಅದೇ ಇಸವಿ.

ತವರು ಹಾನಗಲ್ಲು. ಮೂರನೇ ಇಯತ್ತೆಗೆ ಶಾಲೆ ಬಿಡಿಸಿ, ಆಮೇಲೆ ಹಿರೇಕೆರೂರು ಕಡೆಗೆ ಕೊಟ್ಟರು. ಚಿಕ್ಕೇರೂರಿನಿಂದ ಒಂದು ಹರದಾರಿ ಆಚೆಗಿನ ಊರು. ಮನೆಯಲ್ಲಿ ಹನ್ನೊಂದು ಬಾಯಿ. ಆ ವರ್ಷ ಸರಕಾರದವರು ಲೇವಿ ಹಾಕಿದರು. ಹೊಲ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಜೋಳ ಅಳೆದು ಕೊಡಬೇಕು, ಅವರು ಹೇಳಿದ ದರಕ್ಕೆ. ದಂಡಿಗೆ ಹೋಗುತ್ತದೆ ಅನ್ನುತ್ತಿದ್ದರು. ಎಲ್ಲಿಗೆ ಹೋಗುತ್ತಿತ್ತೋ ಕಂಡವರು ಯಾರು? ಬಚ್ಚಿಟ್ಟ ಜೋಳ ಸಿಕ್ಕರೆ ಎತ್ತಿಕೊಂಡು ಹೋಗುತ್ತಿದ್ದರು, ಯಜಮಾನನನ್ನೂ ಕರೆದುಕೊಂಡು ಹೋಗಿ ಒಳಗೆ ಕೂರಿಸುತ್ತಿದ್ದರು.

ಮನೆ ಮುಂದಿನ ಹಗೇವು ಊರಿಗೆಲ್ಲ ಗೊತ್ತಿದ್ದದ್ದು. ಅದಕ್ಕೆ ಸುಗ್ಗಿ ಮುಗಿದ ಮೇಲೆ ನಮ್ಮ ಮಾವನವರೂ ನಮ್ಮ ಮನೆಯವರೂ ಇಬ್ಬರೇ ಸೇರಿ ಊರಾಚೆಯ ಹುಲ್ಲುಗಾವಲಿನ ದಿಬ್ಬದ ಮೇಲೆ ಇನ್ನೊಂದು ಹಗೇವು ಅಗೆದರು. ದಿಬ್ಬ ಅಂದರೆ ಒಣ ನೆಲ, ನೀರು ನಿಲ್ಲುವುದಿಲ್ಲ. ಹಿಂಗಾರಿಗೆ ಬಿತ್ತುವ ಬೀಜ, ಮುಂದಿನ ಸುಗ್ಗಿಯತನಕ ಹನ್ನೊಂದು ಬಾಯಿಗೆ ರೊಟ್ಟಿ, ಎಲ್ಲ ಅದರೊಳಗೆ ಹೋಯಿತು. ಮುಚ್ಚಿದ ಮೇಲೆ ಮಾವನವರಿಗೆ ಒಂದು ಬುದ್ಧಿ ಬಂತು. ಹಳ್ಳದಿಂದ ಉದ್ದನೆಯ ಕಲ್ಲು ತಂದು ಹಗೇವಿನ ಬಾಯಿಯ ಮೇಲೆ ನೆಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿದರು. ದೇವರ ಕಲ್ಲು ಇದ್ದಲ್ಲಿ ಯಾರೂ ಗುದ್ದಲಿ ಹಾಕುವುದಿಲ್ಲ, ಚಪ್ಪಲಿ ಕಾಲಲ್ಲಿ ತುಳಿಯುವುದಿಲ್ಲ.

"ಯಾವ ದೇವರಂತ ಮಂದಿ ಕೇಳಿದ್ರ?" ಅಂದರು ಅತ್ತೆ.

"ಕನಸಿನ್ಯಾಗ ಬಂದಿತ್ತು, ಹೆಸರು ಹೇಳಲಿಲ್ಲ ಅಂತ ಹೇಳು."

ಮೃಗಶಿರ ಮಳೆ ಒಂದೆರಡು ಬಿದ್ದು ಹುಲ್ಲು ಚಿಗುರಿದಾಗ ಫೋಟೋದವನು ಬಂದ. ಎತ್ತಿನ ಗಾಡಿ, ಗಾಡಿ ಹೊಡೆಯಲು ಹಾವೇರಿಯ ಹುಸೇನಸಾಬ ಅಂತ ಒಬ್ಬ, ಗಾಡಿಯ ತುಂಬ ಪೆಟ್ಟಿಗೆಗಳು. ತೆಳ್ಳಗಿನ ಆಳು, ಖಾಕಿ ಚಡ್ಡಿ, ತಲೆಗೆ ದೊರೆಗಳು ಹಾಕುವಂಥ ಟೊಪ್ಪಿಗೆ. ಮಾತು ಬೆಳಗಾವಿ ಕಡೆಯದು. ನಮ್ಮ ಮನೆ ಊರ ಕೊನೆಯದು, ಹುಲ್ಲುಗಾವಲಿಗೆ ಹತ್ತಿರ. ಅದಕ್ಕೆ ನಮ್ಮ ಕಟ್ಟೆಯ ಮುಂದೆಯೇ ಗಾಡಿ ನಿಲ್ಲಿಸಿದ.

"ನಿಮ್ಮ ಹುಲ್ಲುಗಾವಲಾಗ ಎರಿಭೂತ ಅದಾವಂತ ಕೇಳೇನಿ. ಚಿತ್ರಾ ತಗೀಬೇಕಾಗೇತ್ರಿ."

ಎರೆಭೂತ ಅಂದರೆ ಹಕ್ಕಿ. ಸೊಂಟದೆತ್ತರ ಇರುತ್ತದೆ. ಉದ್ದ ಬಿಳಿ ಕುತ್ತಿಗೆ, ತಲೆ ಮೇಲೆ ಕರಿ ಟೊಪ್ಪಿಗೆ. ಮಳೆಗಾಲದಲ್ಲಿ ಗಂಡು ಹಕ್ಕಿ ಎತ್ತರದ ನೆಲ ನೋಡಿ ನಿಂತು, ಗಂಟಲಿನ ಚೀಲ ಉಬ್ಬಿಸಿ ಹೂಂ ಅಂತ ಕೂಗುತ್ತದೆ. ದೂರಕ್ಕೆ ಭೂತ ಕೂಗಿದ ಹಾಗೆಯೇ ಕೇಳುತ್ತದೆ.

ಕಟ್ಟೆಯ ಮೇಲೆ ನಾಲ್ಕು ಮಂದಿ ಕೂಡಿದ್ದರು. ಮಾವನವರೇ ಕೇಳಿದರು.

"ಹಿಡೀಲಿಕ್ಕೇನು?"

"ಅಲ್ರಿ."

"ತಿನ್ನಾಕ?"

"ಅಯ್ಯೋ, ಅಲ್ರಿ."

"ಮತ್ತ ಮಾರಾಕೇನು?"

"ಇಲ್ರಿ ಯಜಮಾನ್ರ. ಬರೇ ಚಿತ್ರಾ ತಗದು ಇಟಗೊಳ್ಳಾಕ. ಅಸ್ಸಾಮದಾಗ ತಗದೇನಿ, ಗುಜರಾತದಾಗ ತಗದೇನಿ. ಮೂರು ವರ್ಷ ಆತು, ದೇಶಾ ತಿರುಗಾಕತ್ತೇನಿ."

ಯಾರೂ ನಂಬಲಿಲ್ಲ. ತಿನ್ನುವುದಿಲ್ಲ, ಮಾರುವುದಿಲ್ಲ, ಮೂರು ವರ್ಷ ತಿರುಗುತ್ತಾನೆ ಅಂದರೆ ಹೊಟ್ಟೆಗೆ ಯಾರು ಹಾಕುತ್ತಾರೆ? ನಂಬಿಕೆ ಬರಲಿ ಅಂತ ಅವನು ಕಿಸೆಯಿಂದ ಮಾಮಲೇದಾರರ ಪತ್ರ ತೆಗೆದು ತೋರಿಸಿದ. ಇವನಿಗೆ ಬೇಕಾದ ಸಹಾಯ ಮಾಡಿರಿ ಅಂತ ಅದರಲ್ಲಿ ಬರೆದಿತ್ತು. ಅಲ್ಲಿಗೆ ಮುಗಿಯಿತು. ಲೇವಿ ಹಾಕಿದ ಕಚೇರಿಯ ಪತ್ರ ಹಿಡಿದುಕೊಂಡು ಬಂದವನು ಹಕ್ಕಿ ನೋಡಲು ಬಂದನೇ?

ಮಂದಿ ಒಬ್ಬೊಬ್ಬರು ಒಂದೊಂದು ಹೇಳಿದರು. ಚಳವಳಿಯಲ್ಲಿ ತಂತಿ ಕಡಿದ ಹುಡುಗರನ್ನು ಹುಡುಕಲು ಬಂದ ಪೊಲೀಸ ಅಂತ ಒಬ್ಬರು. ವಿಮಾನ ಇಳಿಸಲು ಜಾಗ ನೋಡಲು ಬಂದವನು ಅಂತ ಇನ್ನೊಬ್ಬರು. ಸವಣೂರಿನಿಂದ ಶಿಗ್ಗಾವಿ, ಹಾನಗಲ್ಲು ಮುಗಿಸಿಕೊಂಡು ಬಂದೆ ಅಂತ ಅವನೇ ಹೇಳಿದ್ದರಿಂದ, ನವಾಬರ ಕಡೆಯವನು, ಯಾರ ಜೋಳ ಸಂಸ್ಥಾನದ ಗಡಿ ದಾಟುತ್ತದೆ ಅಂತ ನೋಡಲು ಬಂದಿದ್ದಾನೆ ಅಂತ ಮತ್ತೊಬ್ಬರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಏನೂ ಹೇಳಲಿಲ್ಲ. ನಮಗೆ ಗೊತ್ತಿತ್ತು ಅವನು ಯಾಕೆ ಬಂದಿದ್ದಾನೆ ಅಂತ. ಗೊತ್ತಿತ್ತು ಅಂತ ನಾವು ತಿಳಿದುಕೊಂಡಿದ್ದೆವು.

ಹಾಲು, ರೊಟ್ಟಿ ನಮ್ಮ ಮನೆಯಿಂದಲೇ ಬೇಕು ಅಂದ. ಬೇಡ ಅಂದರೆ ಸಂಶಯ ಬರುತ್ತದೆ ಅಂತ ಮಾವನವರು ಒಪ್ಪಿದರು. ಸಂಜೆ ಪಡಸಾಲೆಯಲ್ಲಿ ಕೂತು ತಾನು ತೆಗೆದ ಚಿತ್ರಗಳನ್ನು ಬಿಚ್ಚಿದ. ಉಪ್ಪಿನ ಬಯಲಿನಲ್ಲಿ ಓಡುವ ಕಾಡುಕತ್ತೆಗಳು. ಮರದ ಕೆಳಗೆ ಆಕಳಿಸುವ ಸಿಂಹ. ಆಳೆತ್ತರದ ಹುಲ್ಲಿನಲ್ಲಿ ನಿಂತ ಘೇಂಡಾಮೃಗ. ಆ ಹುಲ್ಲಿನಲ್ಲಿ ಹನ್ನೆರಡು ದಿನ ಆನೆಯ ಮೇಲೆ ಕೂತು ಕಾದೆ, ಅದಕ್ಕೂ ಮುಂಚೆ ಐದು ದಿನ ರೈಲಿನಲ್ಲಿ ಕೂತಿದ್ದೆ ಅಂದ.

ಅತ್ತೆ ಘೇಂಡಾಮೃಗವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಎಮ್ಮಿ ಮೂಗಿಗೆ ಕೋಡು ಅಂಟಿಸಿ ನಿಲ್ಲಿಸ್ಯಾರ ಇದನ್ನ."

"ಇಲ್ಲಬೇ ಅವ್ವಾ, ಅದು ಹಂಗ ಇರತೈತಿ."

"ನಾನೇನು ನೋಡಾಕ ಹೋಗ್ತೇನೇನು ಅಲ್ಲಿ? ನೀ ಹೇಳಿದ್ದ ಖರೆ."

ಆಮೇಲೆ ಅವನು ಸವಣೂರಿನ ದಪ್ಪ ದೊಡ್ಡಹುಣಸೆ ಮರಗಳ ಚಿತ್ರ ತೋರಿಸಿದ, ಶಿಗ್ಗಾವಿ ಕಡೆಯ ಕುರಿಹಟ್ಟಿಯ ಹಿಂದೆ ನಿಂತ ತೋಳದ್ದು ತೋರಿಸಿದ. ಕೊನೆಗೆ ಹಾನಗಲ್ಲಿನ ಕೆರೆ ಬಂತು, ನೀರಿನ ತುಂಬ ಬಾತುಗಳು. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು.

"ಗಂಗೀ, ನಿನ್ನ ತವರಿನ ಕೆರಿ ಐತಲ್ಲ, ಖರೆ ಐತೇನು ನೋಡು."

ಖರೆ ಇತ್ತು. ಮೂಲೆಯಲ್ಲಿ ನಾನು ಬಟ್ಟೆ ಒಗೆಯುತ್ತಿದ್ದ ಮೆಟ್ಟಿಲು ಕೂಡ ಬಂದಿತ್ತು, ಅದರ ಮುರಿದ ಅಂಚು ಸಮೇತ. ಅವನು ತೆಗೆದದ್ದು ಬಾತನ್ನು. ಮೆಟ್ಟಿಲು ಮುರಿದದ್ದು ಅವನಿಗೆ ಗೊತ್ತೇ ಇರಲಿಲ್ಲ. ನನಗೆ ಆಗಲೇ ಹೊಳೆಯಿತು. ಈ ಚಿತ್ರ ತೆಗೆಯುವ ಪೆಟ್ಟಿಗೆ ತನ್ನ ಮುಂದೆ ಇರುವುದನ್ನೆಲ್ಲ ತಿನ್ನುತ್ತದೆ, ಕೇಳಿದ್ದನ್ನೂ ಕೇಳದ್ದನ್ನೂ.

ಮರುದಿನ ಮುಂಜಾನೆ ಅವನು ಹುಲ್ಲುಗಾವಲನ್ನೆಲ್ಲ ತಿರುಗಿ ಬಂದು, "ಆ ದಿಬ್ಬ ನನಗ ಪಸಂದ ಬಂತು" ಅಂದ. ಎರೆಭೂತ ದಿನಾ ಮುಂಜಾನೆ ಅದರ ಮೇಲೇ ಬಂದು ನಿಲ್ಲುತ್ತದಂತೆ. ಬರದೆ ಏನು? ಹಕ್ಕಿಗೂ ಎತ್ತರದ ಒಣ ನೆಲ ಬೇಕು, ಜೋಳಕ್ಕೂ ಎತ್ತರದ ಒಣ ನೆಲ ಬೇಕು. ಮಾವನವರು ಅಲ್ಲಿ ಹಾವು ಬಹಳ ಅಂದರು. ಹಾವಿನದೂ ತೆಗೆಯುತ್ತೇನೆ ಅಂದ. ದೇವರ ಜಾಗ, ಮೈಲಿಗೆ ಆಗಬಾರದು ಅಂದರು. ದೂರದಲ್ಲೇ ಕೂಡುತ್ತೇನೆ ಅಂದ. ನಮ್ಮ ಬಣವೆಯಿಂದಲೇ ಕಣಿಕೆ ಇಸಿದುಕೊಂಡು, ಕಲ್ಲಿನಿಂದ ಮೂವತ್ತು ಹೆಜ್ಜೆ ದೂರ ಒಂದು ಗೂಡು ಕಟ್ಟಿದ. ನಾಯಿ ಮಲಗುವಷ್ಟು ಗೂಡು, ಅದರಲ್ಲಿ ಅವನು, ಅವನ ಮೂರು ಕಾಲಿನ ಪೆಟ್ಟಿಗೆ. ಗೂಡಿನಿಂದ ಕಲ್ಲಿನವರೆಗೆ ಹಗ್ಗ ಹಿಡಿದು ಅಳೆದ. ಅಲ್ಲಲ್ಲಿ ಗೂಟ ಹೊಡೆದ. ಅಳೆದದ್ದನ್ನು ಒಂದು ವಹಿಯಲ್ಲಿ ಬರೆದುಕೊಂಡ.

ಹೊಲ ಅಳೆಯುವವರು ಮಾಡುವುದೆಲ್ಲ ಮಾಡಿದ ಅಂತ ನಾನು ಮನೆಯಲ್ಲಿ ಹೇಳಿದೆ. ಆ ದಿನದಿಂದ ಅವನಿಗೆ ಬುತ್ತಿ ಒಯ್ಯುವ ಕೆಲಸ ನನ್ನದಾಯಿತು. ಬುತ್ತಿ ನೆಪ. "ಎಲ್ಲಿ ನೋಡ್ತಾನ, ಏನು ಬರೀತಾನ, ನೋಡಕೊಂಡು ಬಾ" ಅಂತ ಅತ್ತೆ ಹೇಳಿ ಕಳಿಸುತ್ತಿದ್ದರು. ನೋಡುತ್ತಿದ್ದೆ. ಅವನು ಹಕ್ಕಿಯನ್ನೇ ನೋಡುತ್ತಿದ್ದ. ನಾನು ಅದನ್ನೂ ನಂಬಲಿಲ್ಲ. ಕಳ್ಳನೂ ಮನೆಯವರ ಎದುರು ಮಾಳಿಗೆಯನ್ನು ನೋಡುವುದಿಲ್ಲ.

ಒಂದು ದಿನ ಪೆಟ್ಟಿಗೆಯ ಹಿಂದಿನ ಮಸುಕು ಗಾಜಿನಲ್ಲಿ ನೋಡು ಅಂದ. ಕರಿ ಬಟ್ಟೆಯೊಳಗೆ ತಲೆ ಹಾಕಿದೆ. ದಿಬ್ಬ ತಲೆಕೆಳಗಾಗಿ ನಿಂತಿತ್ತು, ಕಲ್ಲು ಜೋತಾಡುತ್ತಿತ್ತು. ಅಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಕಲ್ಲಿನ ಸುತ್ತ ಒಂದು ಗುಂಡನೆಯ ಹಸಿರು ಕಂಡಿತು. ಅಗೆದು ಮುಚ್ಚಿದ ಸಡಿಲ ಮಣ್ಣಿನಲ್ಲಿ ಹುಲ್ಲು ಬೇರೆ ಕಡೆಗಿಂತ ಕಪ್ಪಗೆ, ದಟ್ಟಗೆ ಬಂದಿತ್ತು. ದಿನಾ ಅದರ ಮಗ್ಗಲಿಗೇ ನಡೆದುಹೋಗುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಅಂಗೈಯಗಲ ಗಾಜಿನಲ್ಲಿ ರೊಟ್ಟಿಯ ಹಾಗೆ ಎದ್ದು ಕಂಡಿತು.

ಹೊರಗೆ ಬಂದು ಸುಮ್ಮನೆ ಪೆಟ್ಟಿಗೆಯೊಂದರ ಮೇಲೆ ಕೈ ಇಟ್ಟೆ. ಅವನು ಹಾರಿ ಬಂದ.

"ಮುಚ್ಚಳಾ ತಗೀಬ್ಯಾಡ, ತಂಗೀ! ಬಿಸಲು ಬಿತ್ತಂದ್ರ ಗಾಜಿನ್ಯಾಗಿನ ಚಿತ್ರಾ ಸತ್ತು ಹೋಗತೈತಿ. ಯುದ್ಧ ಸುರು ಆದಾಗಿಂದ ಗಾಜು ಸಿಗವಲ್ದು. ನನ್ನ ಹಂತ್ಯಾಕ ಆರು ಉಳದಾವ."

ಮುಟ್ಟಲಿಲ್ಲ. ಕೇಳಿಸಿಕೊಂಡೆ.

ಮೃಗಶಿರ ಹೋಗಿ ಆರಿದ್ರ ಮಳೆ ಹುಟ್ಟಿತು. ಒಂದು ಹನಿ ಬೀಳಲಿಲ್ಲ. ಬಿತ್ತಿದ್ದು ಮೊಳಕೆಯಲ್ಲೇ ನಿಂತಿತು. ಹತ್ತು ದಿನ ಆದ ಮೇಲೆ ಓಣಿಯ ಕಲ್ಲವ್ವ ಆರೇಳು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದು ಅತ್ತೆಯನ್ನು ಕರೆದಳು.

"ನೀಲವ್ವಾ, ನಿಮ್ಮ ಯಜಮಾನ್ರ ಕನಸಿನ್ಯಾಗ ದೇವರು ಬಂತು, ನಾವು ಅದಕ್ಕ ಏನೂ ಮಾಡಲಿಲ್ಲ. ಅದಕ್ಕ ಮಳಿ ನಿಂತೈತಿ. ನಾಳೆ ನೂರಾ ಒಂದು ಕೊಡ ನೀರು ಹಾಕಿಬಿಡೂನು."

ಮಳೆ ಹೋದರೆ ದೇವರ ತಲೆಗೆ ನೀರು ಸುರಿಯುವುದು ನಮ್ಮ ಕಡೆ ಇದ್ದದ್ದೇ. ನಮಗೆ ಅದು ನೆನಪೇ ಆಗಿರಲಿಲ್ಲ. ಬೇಡ ಅನ್ನಲು ಯಾವ ಬಾಯಿ? ದೇವರನ್ನು ತಂದವರೇ ನಾವು.

"ಐದು ಕೊಡಾ ಸಾಕಲ್ಲೇನಬೇ?" ಅಂದರು ಅತ್ತೆ.

"ಐದಕ್ಕ ಯಾವ ದೇವರು ಒಪ್ಪತೈತಿ? ಖರ್ಚಾಗತೈತೇನು ನೀರಿಗೆ? ಹಳ್ಳದಾಗ ಐತಲ್ಲ!"

ಮರುದಿನ ಊರಿನ ಹೆಂಗಸರೆಲ್ಲ ಹೊರಟರು. ಮನೆಯ ಸೊಸೆ ನಾನು ಹಿಂದೆ ನಿಲ್ಲುವ ಹಾಗಿರಲಿಲ್ಲ. ನಮ್ಮ ಬೀಜದ ಮೇಲೆ, ನಮ್ಮ ರೊಟ್ಟಿಯ ಮೇಲೆ ನಾನೇ ನಾಲ್ಕು ಕೊಡ ನೀರು ಹೊತ್ತು ಸುರಿದೆ. ಅತ್ತೆ ಮುಗ್ಗರಿಸಿದ ಹಾಗೆ ಮಾಡಿ ತಮ್ಮ ಕೊಡವನ್ನು ದಾರಿಯಲ್ಲೇ ಚೆಲ್ಲಿದರು. ಕಲ್ಲವ್ವ "ಅಪಶಕುನ ಆತು, ಇನ್ನ ಎರಡು ಹಾಕಬೇಕು" ಅಂದಳು. ಮಳೆನೀರು ದಿಬ್ಬದ ಮೇಲೆ ಬಿದ್ದು ಇಳಿದು ಹೋಗುತ್ತದೆ. ನೂರು ಕೊಡ ಒಂದೇ ಜಾಗದಲ್ಲಿ, ಅದೂ ಹಗೇವಿನ ಬಾಯಿಗೆ ಸರಿಯಾಗಿ ಸುರಿದರೆ ಎಲ್ಲಿಗೆ ಹೋಗುತ್ತದೆ? ನೆಲ ಗಟಗಟ ಕುಡಿಯಿತು. ಫೋಟೋದವನು ಗೂಡಿನ ಹೊರಗೆ ತಲೆಗೆ ಕೈ ಹೊತ್ತು ಕೂತಿದ್ದ, ತನ್ನ ಹಕ್ಕಿ ಓಡಿತು ಅಂತ. ನಮ್ಮ ದುಃಖ ಅವನಿಗೆ ಗೊತ್ತಿರಲಿಲ್ಲ, ಅವನ ದುಃಖ ನಮಗೆ ಬೇಕಾಗಿರಲಿಲ್ಲ.

ಒಂದು ದಿನ ತಡೆದರೂ ಜೋಳ ಕಾವು ಏರಿ ಮೊಳಕೆ ಬರುತ್ತದೆ ಅಂತ ಮಾವನವರು ಒದ್ದಾಡಿದರು. ಆದರೆ ಅವನು ದಿಬ್ಬ ಬಿಟ್ಟು ಕದಲಲಿಲ್ಲ. ಮೂರನೇ ದಿನ ಹಿರೇಕೆರೂರಿನ ಸಂತೆ. ಊರು ಅರ್ಧಕ್ಕೆ ಅರ್ಧ ಖಾಲಿ. ಮುಂಜಾನೆ ಹಿತ್ತಿಲಿನಿಂದ ನೋಡುತ್ತಿದ್ದೆ. ಗೂಡಿನಿಂದ ಟೊಪ್ಪಿಗೆ ಎದ್ದಿತು, ಗಾಡಿ ಹತ್ತಿತು, ಗಾಡಿ ಹಿರೇಕೆರೂರ ಹಾದಿ ಹಿಡಿಯಿತು. ಓಡಿ ಬಂದು ಹೇಳಿದೆ.

"ಹೋದ, ಮಾವಾರ! ಸಂತಿಗೆ ಹೋದ!"

ಮಾವನವರು, ನಮ್ಮ ಮನೆಯವರು, ನಾನು, ಮೂವರೂ ಹುಲ್ಲು ಕೊಯ್ಯುವವರ ಹಾಗೆ ಕುಡಗೋಲು, ಹಗ್ಗ, ಗೋಣಿಚೀಲ ಹಿಡಿದು ಹೋದೆವು. ಕಲ್ಲು ಒರಗಿಸಿ, ಮಣ್ಣು ಕೆದರಿ, ಹಾಸುಗಲ್ಲು ಸರಿಸಿದೆವು. ವಾಸನೆ ಮುಖಕ್ಕೆ ಹೊಡೆಯಿತು. ಕಂದೀಲು ತಂದಿರಲಿಲ್ಲ. ಮನೆಯಲ್ಲಿ ಎಣ್ಣೆ ಇರಲಿಲ್ಲ.

"ಗಾಳಿ ಆಡ್ಲಿ, ತಡಿ," ಅಂದರು ಮಾವ.

"ಹೊಸಾ ಹಗೇವು, ನಾಕು ತಿಂಗಳ ಆಗಿಲ್ಲ, ಏನಾಗತೈತಿ? ಅಂವಾ ಬಂದಗಿಂದಾನು," ಅಂದರು ನಮ್ಮ ಮನೆಯವರು. ಸೊಂಟಕ್ಕೆ ಹಗ್ಗ ಬಿಗಿದು ಇಳಿದೇ ಬಿಟ್ಟರು. ಒಳಗೆ ಜೋಳದ ಮೇಲೆ ನಿಂತರೆ ತಲೆ ಬಾಯಿಯ ಹತ್ತಿರ ಇತ್ತು. ಜೋಳ ಒದ್ದೆಯಾಗಿದೆಯೇ ಅಂತ ಮುಟ್ಟಿ ನೋಡಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಕೂಗಿದೆವು. ಉತ್ತರ ಇಲ್ಲ. ಹಗ್ಗ ಜಗ್ಗಿದೆವು. ಮಾವನವರಿಗೆ ಅರವತ್ತು ದಾಟಿತ್ತು, ನಾನು ಎಲುಬಿನ ಗೂಡು. ಸೊಂಟಕ್ಕೆ ಕಟ್ಟಿದ್ದರಿಂದ ದೇಹ ಮಡಚಿಕೊಂಡು ಬಾಯಿಗೆ ಅಡ್ಡ ಸಿಕ್ಕಿಬಿತ್ತು. ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ. ನಾನು ಬಾಯಿ ಬಡಿದುಕೊಂಡೆ.

ಆಗ ಕಣಿಕೆಯ ಗೂಡು ಒಡೆಯಿತು. ಒಳಗಿನಿಂದ ಅವನು ಬಂದ, ಬರಿ ತಲೆಯಲ್ಲಿ. ಹಿಂದೆ ಅವನ ಮೂರು ಕಾಲಿನ ಪೆಟ್ಟಿಗೆ ಉರುಳಿ ಗಾಜು ಒಡೆದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ಬಂದವನೇ ಹಗೇವಿನ ಅಂಚಿಗೆ ಬೋರಲು ಬಿದ್ದ.

"ಕಾಲು ಹಿಡೀ ತಂಗೀ! ಗಟ್ಟ್ಯಾಗಿ!"

ಹಿಡಿದೆ. ಸೊಂಟದವರೆಗೆ ಒಳಗೆ ಜೋತುಬಿದ್ದು ನಮ್ಮವರ ರಟ್ಟೆಗೆ ಕೈ ಹಾಕಿ ದೇಹವನ್ನು ನೆಟ್ಟಗೆ ಮಾಡಿದ. ಮಾವನವರು ಹಗ್ಗ ಜಗ್ಗಿದರು, ನಾನು ಅವನ ಕಾಲು ಜಗ್ಗಿದೆ. ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಅವನು ಹುಲ್ಲಿನಲ್ಲಿ ಕುಸಿದು ವಾಂತಿ ಮಾಡಿದ. ನಮ್ಮವರ ತುಟಿ ನೀಲಿಯಾಗಿತ್ತು. ಎದೆ ಒತ್ತಿದ, ಕರಿ ಬಟ್ಟೆಯಿಂದ ಗಾಳಿ ಬೀಸಿದ. ಬಹಳ ಹೊತ್ತಿನ ಮೇಲೆ ಒಂದು ಉಸಿರು ಬಂತು, ಆಮೇಲೆ ಕೆಮ್ಮು ಬಂತು, ಆಮೇಲೆ ಬೈಗಳು ಬಂತು. ಬೈಗಳು ಕೇಳಿದ ಮೇಲೆ ನಾನು ನೆಲಕ್ಕೆ ಕೂತೆ.

ಅಷ್ಟು ಹೊತ್ತಿಗೆ ಹಗೇವು ಬಾಯಿ ತೆರೆದುಕೊಂಡು ನಮ್ಮ ನಾಲ್ವರ ನಡುವೆ ಇತ್ತು. ಅವನು ಅದನ್ನು ನೋಡಿದ, ಜೋಳ ನೋಡಿದ, ಒರಗಿಸಿದ ದೇವರನ್ನು ನೋಡಿದ. ಮಾವನವರು ಕೈ ಮುಗಿದರು.

"ನೋಡಿದ್ರಲ್ಲ ಸಾಹೇಬ್ರ. ಇನ್ನ ನಿಮ್ಮ ಕೈಯಾಗ ಐತಿ."

"ನಾ ಹಕ್ಕಿ ನೋಡಾಕ ಬಂದಾಂವ ಯಜಮಾನ್ರ," ಅಂದ. ಅಷ್ಟೇ.

ನನಗೆ ಆ ಹೊತ್ತಿನಲ್ಲೂ ಟೊಪ್ಪಿಗೆಯದೇ ಚಿಂತೆ.

"ನೀವು ಸಂತಿಗೆ ಹೋಗಿದ್ರಲ್ಲ? ನಿಮ್ಮ ಟೊಪಗಿ ಹೋತಲ್ಲ?"

"ಹುಸೇನಸಾಬಗ ಹಾಕಿ ಕಳಿಸಿದ್ನೆವಾ. ಇಬ್ಬರು ಗೂಡಿಗೆ ಬಂದು ಒಬ್ಬಾಂವ ಹೋದ್ರ, ಎಲ್ಲಾರೂ ಹೋದ್ರು ಅನ್ಕೋತೈತಿ ಹಕ್ಕಿ. ಅದಕ್ಕ ಲೆಕ್ಕಾ ಬರೂದಿಲ್ಲ."

ಹಕ್ಕಿಗೆ ಮೋಸ ಮಾಡಲು ಕಳಿಸಿದನೋ, ನಮಗೆ ಮೋಸ ಮಾಡಲು ಕಳಿಸಿದನೋ? ಇಬ್ಬರೂ ಮೋಸ ಹೋಗಿದ್ದೆವು, ಹಕ್ಕಿಯೂ ನಾವೂ. ಗಂಡನ ಜೀವ ಉಳಿಸಿದವನ ಮೇಲೆ ಹೀಗೆ ಯೋಚಿಸಬಾರದು ಅಂತ ಕೇಳುವವರಿಗೆ ಅನ್ನಿಸಬಹುದು. ಅನ್ನಿಸಲಿ. ಹನ್ನೊಂದು ಬಾಯಿ ಅವರ ಮನೆಯಲ್ಲಿ ಇರಲಿಲ್ಲ.

ಮೇಲಿನ ಒಂದು ಮೊಳ ಜೋಳ ಒದ್ದೆಯಾಗಿ ಕಾವು ಏರಿತ್ತು. ಅದನ್ನು ತೆಗೆದು, ಉಳಿದದ್ದನ್ನು ಮುಚ್ಚಿ, ಕಲ್ಲು ನೆಟ್ಟು ಬಂದೆವು. ಸಂಜೆ ಅವನು ನಮ್ಮವರನ್ನು ನೋಡಲು ಬಂದ. ಪೆಟ್ಟಿಗೆಯ ಕಾಲು ಮುರಿದಿತ್ತು, ಹಿಂದಿನ ಮಸುಕು ಗಾಜು ಪುಡಿಯಾಗಿತ್ತು, ಇನ್ನು ಇಲ್ಲಿ ಕೆಲಸ ಇಲ್ಲ, ನಾಳೆ ಹೊರಡುತ್ತೇನೆ ಅಂದ. ಆದರೂ ಮುಖದಲ್ಲಿ ಖುಷಿ ಇತ್ತು. "ಒಂದು ಸಿಕ್ಕೇತ್ರಿ. ನೀವು ಬರೂಕಿಂತ ಮದಲ. ಕಲ್ಲಿನ ಮಗ್ಗಲಿಗೆ ನಿಂತು ಕೂಗಿತು." ಮಾವನವರು ಒಂದು ಚೀಲ ಜೋಳ ಗಾಡಿಗೆ ಹಾಕಿಸುತ್ತೇವೆ ಅಂದರು. ಬೇಡ ಅಂದ. ಎರಡು ಸಲ ಅಂದರು, ಎರಡು ಸಲವೂ ಬೇಡ ಅಂದ.

ಅವನು ಹೋದ ಮೇಲೆ ಅತ್ತೆ ಮೊದಲು ನನ್ನನ್ನು ಬೈದರು, ಪರಪುರುಷನ ಕಾಲು ಹಿಡಿದೆ ಅಂತ. ಆಮೇಲೆ ಅವನ ಮಾತಿಗೆ ಬಂದರು.

"ಇಸಗೊಂಡಿದ್ರ ಬಾಯಿ ಮುಚ್ಚಕೊಂಡಿರ್ತಿದ್ದ. ಬ್ಯಾಡ ಅಂದಾನ ಅಂದ್ರ ಅದಕ್ಕಿಂತ ದೊಡ್ಡದು ಎಲ್ಲೋ ಸಿಗೂದೈತಿ ಅವಗ."

ನಾನು ರೊಟ್ಟಿ ಬಡಿಯುತ್ತ ಒಂದೇ ಯೋಚನೆ ಮಾಡಿದೆ. ಬಾಯಿಮಾತು ಅಂದರೆ ಇಲ್ಲ ಅನ್ನಬಹುದು, ಹಗೆತನಕ್ಕೆ ಹೇಳಿದ ಅನ್ನಬಹುದು. ಚಿತ್ರ ಬೇರೆ. ಹಕ್ಕಿಯ ಮಗ್ಗಲಲ್ಲಿ ಕಲ್ಲು, ಕಲ್ಲಿನ ಸುತ್ತ ಗುಂಡನೆಯ ಹಸಿರು. ಅವನು ಒಳ್ಳೆಯವನೇ ಇರಲಿ, ಆ ಚಿತ್ರ ಯಾರದೋ ಮೇಜಿನ ಮೇಲೆ ಬೀಳುತ್ತದೆ, ಹಗೇವು ಗೊತ್ತಿದ್ದ ಯಾವನೋ ಗುಮಾಸ್ತ ನೋಡುತ್ತಾನೆ. ಮೆಟ್ಟಿಲು ಮುರಿದದ್ದು ನನಗೆ ಕಂಡ ಹಾಗೆ ಅವನಿಗೆ ಇದು ಕಾಣುತ್ತದೆ.

ಮುಂಜಾನೆ ಗಾಡಿ ನಮ್ಮ ಮನೆ ಮುಂದೆ ನಿಂತಿತು. ಅವನು ಮಾವನವರಿಗೆ ಕೈ ಮುಗಿದು ಹತ್ತಲು ಹೋದ. ನಾನು ಸೆರಗು ಸರಿಮಾಡಿಕೊಂಡು ಗಾಡಿಯ ಹಿಂದೆ ಹೋಗಿ ನಿಂತೆ.

"ನಮ್ಮ ದಿಬ್ಬ ಇದ್ದ ಗಾಜು ಯಾವುದ್ರಿ?"

ಅವನು ನನ್ನ ಮುಖ ನೋಡಿದ. ತಿಳಿಯಿತು ಅವನಿಗೆ. ತಿಳಿದೂ ಸುಳ್ಳು ಹೇಳಬಹುದಾಗಿತ್ತು, ಬೇರೆ ಯಾವುದನ್ನೋ ಕೊಡಬಹುದಾಗಿತ್ತು, ಗಾಡಿ ಹೊಡಿ ಅನ್ನಬಹುದಾಗಿತ್ತು. ಒಂದು ಚಪ್ಪಟೆ ಪೆಟ್ಟಿಗೆ ತೆಗೆದು ನನ್ನ ಕೈಯಲ್ಲಿ ಇಟ್ಟ.

"ಇದು."

ಬಿಸಿಲಿಗೆ ಹಿಡಿದು ಮುಚ್ಚಳ ಎಳೆದೆ. ಒಳಗೆ ಹಾಲಿನ ಬಣ್ಣದ ಗಾಜು, ಅದರಲ್ಲಿ ಏನೂ ಇರಲಿಲ್ಲ. ಚಿತ್ರ ಇದೆಯೋ ಇಲ್ಲವೋ ಕೂಡ ಗೊತ್ತಾಗಲಿಲ್ಲ. ಅವನು ಆ ಗಾಜನ್ನೇ ನೋಡುತ್ತ ನಿಂತ.

"ಗಂಟಲ ಚೀಲಾ ನೆಲಕ್ಕ ಹತ್ತಿತ್ತು, ತಂಗೀ. ಅಷ್ಟು ಉಬ್ಬಿತ್ತು," ಅಂದ. ಗಾಡಿ ಹತ್ತಿದ. ಹೋದ.

ನಮ್ಮ ಮನೆಯವರು ಹಾಸಿಗೆಯಿಂದಲೇ ಕೂಗಾಡಿದರು.

"ಜೀವಾ ಉಳಿಸಿದಾಂವಗ ಹಿಂಗ ಮಾಡೂದೇನು?"

"ಉಳಿಸ್ಯಾನ, ಇಲ್ಲ ಅಂದ್ನೇನು? ಉಳದಾವ್ರು ಉಣಬೇಕಲ್ಲ?"

ಎಂಟು ದಿನ ಬಿಟ್ಟು ಲೇವಿಯವರು ಬಂದರು. ಇಬ್ಬರು ಕಾರಕೂನರು, ಇಬ್ಬರು ಸಿಪಾಯಿಗಳು, ಅವರ ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳು. ಅತ್ತೆ ನನ್ನ ಕಿವಿಯಲ್ಲಿ "ನಾ ಹೇಳಿದ್ನಿಲ್ಲ?" ಅಂದರು. ಅಂಗಳ, ಕೊಟ್ಟಿಗೆ, ಹಿತ್ತಿಲು ಎಲ್ಲ ಚುಚ್ಚಿದರು. ಮನೆ ಮುಂದಿನ ಹಗೇವು ತೆರೆಸಿದರು. ಅದರಲ್ಲಿ ಇರಬೇಕಾದಷ್ಟೇ ಇತ್ತು. ಕಿರಿಯ ಕಾರಕೂನ ಹಿತ್ತಿಲಿನಲ್ಲಿ ನಿಂತು ಹುಲ್ಲುಗಾವಲಿನ ಕಡೆ ಕೈ ಮಾಡಿದ.

"ಆ ದಿಬ್ಬದ ಮ್ಯಾಲೆ ಏನರೀ ಅದು?"

ಉತ್ತರ ಕೊಟ್ಟವನು ಹಿರಿಯ ಕಾರಕೂನ.

"ಅಲ್ಲಿಗೆ ಹೋಗೂದು ಬ್ಯಾಡೋ ಮಾರಾಯಾ. ಆ ಫೋಟೋದಾಂವ ಮಾಮಲೇದಾರ ಸಾಹೇಬ್ರ ಮುಂದ ಒಂದು ತಾಸು ಕುಂತು ತಲಿ ತಿಂದಾನ. ದಿಬ್ಬದ ಮ್ಯಾಲೆ ಎರಿಭೂತ ತತ್ತಿ ಇಟ್ಟೇತಂತ, ಅಂಥಾ ಹಕ್ಕಿ ದೇಶದಾಗ ಎಲ್ಲೂ ಇಲ್ಲಂತ, ಈ ಮಳಿಗಾಲ ಮುಗಿಯೂತನಕ ಯಾರೂ ಕಾಲು ಇಡಬಾರದಂತ. ಸಾಹೇಬ್ರು ಹೂಂ ಅಂದು ಬರಕೊಟ್ಟಾರ."

ಚಹಾ ಕುಡಿದು ಹೋದರು.

ದಿಬ್ಬದ ಮೇಲೆ ತತ್ತಿ ಇರಲಿಲ್ಲ. ಅಲ್ಲಿ ಬರುತ್ತಿದ್ದದ್ದು ಗಂಡು ಹಕ್ಕಿ, ಅದೂ ಆ ಸಂತೆಯ ದಿನ ಹಾರಿದ್ದು ಮತ್ತೆ ಬಂದಿರಲಿಲ್ಲ. ಹದಿನೆಂಟು ದಿನ ಗೂಡಿನಲ್ಲಿ ಕೂತವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಅವನ ಗಾಜು ಕೆಡಿಸಿದ ಮೇಲೆ, ಅದೇ ಗಾಡಿಯಲ್ಲಿ ಹಿರೇಕೆರೂರಿಗೆ ಹೋಗಿ, ದೊಡ್ಡ ಅಧಿಕಾರಿಯ ಮುಂದೆ ಕೂತು, ಒಂದು ತಾಸು ಸುಳ್ಳು ಹೇಳಿದ್ದಾನೆ.

ಅತ್ತೆ ಆಗಲೂ ನಂಬಲಿಲ್ಲ. ಇದರಲ್ಲೂ ಏನೋ ಇದೆ ಅಂದರು. ಅವರ ಮಾತಿಗೆ ಆ ವಾರವೇ ಜೋಳವನ್ನು ಸ್ವಲ್ಪ ಸ್ವಲ್ಪವಾಗಿ ಹುಲ್ಲಿನ ಹೊರೆಯೊಳಗೆ ಮುಚ್ಚಿ ಮನೆಗೆ ಸಾಗಿಸಿದೆವು. ಹನ್ನೊಂದು ಮಂದಿಯೂ ಆ ವರ್ಷ ಉಂಡೆವು. ಬಿತ್ತಿದ್ದು ಆರಿದ್ರದ ಕೊನೆಗೆ ಬಂದ ಮಳೆಗೆ ಎದ್ದು ನಿಂತಿತು.

ನಾಗರ ಪಂಚಮಿಗೆ ತವರಿಗೆ ಹೋದಾಗ ಹಾನಗಲ್ಲಿನ ಟಪಾಲು ಕಚೇರಿಯಿಂದ ಒಂದು ಕಾರ್ಡು ತರಿಸಿದೆ. ಏನು ಬರೆಯಬೇಕು ಅಂತ ಗೊತ್ತಿತ್ತು, ಎರಡೇ ಸಾಲು. ನನ್ನ ಮೂರನೇ ಇಯತ್ತೆಯ ಅಕ್ಷರಕ್ಕೆ ಅಷ್ಟು ಸಾಕಾಗಿತ್ತು. ಬರೆದು, ವಿಳಾಸದ ಕಡೆ ತಿರುಗಿಸಿದೆ, ಕೈ ನಿಂತಿತು. ತಿರುಗಿ ಬಂದು ಮಾವನವರನ್ನು ಕೇಳಿದೆ. ಮನೆಯವರನ್ನು ಕೇಳಿದೆ. ಆ ದಿನ ಕಟ್ಟೆಯ ಮೇಲೆ ಕೂತಿದ್ದವರನ್ನೆಲ್ಲ ಕೇಳಿಸಿದೆ. ಬಂದ ಮೊದಲ ದಿನವೇ ಅವನು ತನ್ನ ಹೆಸರು, ಅಡ್ಡಹೆಸರು, ಊರು, ತಂದೆಯ ಹೆಸರು ಎಲ್ಲ ಹೇಳಿದ್ದನಂತೆ. ಹೌದು, ನಾನೂ ಬಾಗಿಲ ಹಿಂದೆ ನಿಂತು ಕೇಳಿದ್ದೆ. ಸುಳ್ಳು ಹೆಸರೇ ಇರುತ್ತದೆ ಅಂತ ನಾವು ಯಾರೂ ನೆನಪಿಟ್ಟುಕೊಂಡಿರಲಿಲ್ಲ.